ಪ್ರೊಸೆಸರ್ ಬದಲಿಸಿದರೆ ಗೇಮ್ ಚುರುಕಾಗುವುದೇ? ಕೊಳ್ಳುವ ಮುನ್ನ ಅಳೆಯುವ ಕ್ರಮ

“ಮಾಮಾ, ಪ್ರೊಸೆಸರ್ ಬದ್ಲಿ ಮಾಡಿದ್ರ ಗೇಮ್ ಛಲೋ ಓಡ್ತೈತೇನು?” ಎಂದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೋಣೆ ಹಿಡಿದು ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ದೀಪಾವಳಿ ರಜೆಗೆ ಧಾರವಾಡದ ನಮ್ಮ ಮನೆಗೆ ಬಂದಾಗ ಕೇಳಿದ. ಅವನ ಕಂಪ್ಯೂಟರ್‌ನಲ್ಲಿ ಇಂಟೆಲ್‌ನ ಕೋರ್ ಐ3-10100ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಮತ್ತು 8 ಜಿಬಿಯ ಒಂದೇ ಒಂದು ರ‍್ಯಾಮ್ ಪಟ್ಟಿ ಇದ್ದವು. ಐ3 ಇರುವುದರಿಂದಲೇ ಆಟ ತಡವರಿಸುತ್ತಿದೆ, ಐ5 ಹಾಕಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳಿದ್ದರಂತೆ; ಅಂಗಡಿಯವರೂ ತಲೆಯಾಡಿಸಿದ್ದರಂತೆ. ಮಾರುವವರು ತಲೆಯಾಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಈ ಪ್ರಶ್ನೆಗೆ ಉತ್ತರ ಚಿಕ್ಕದು. ಗ್ರಾಫಿಕ್ಸ್ ಕಾರ್ಡು ಪ್ರೊಸೆಸರ್‌ಗಾಗಿ ಕಾಯುತ್ತಿದ್ದರೆ ಹೊಸ ಪ್ರೊಸೆಸರ್‌ನಿಂದ ಲಾಭವುಂಟು. ಪ್ರೊಸೆಸರೇ ಕಾರ್ಡಿಗಾಗಿ ಕಾಯುತ್ತಿದ್ದರೆ ಎಷ್ಟು ದುಬಾರಿಯದನ್ನು ತಂದರೂ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಯಾವುದು ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಅರ್ಧ ಗಂಟೆಯಲ್ಲಿ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಮನೆಯಲ್ಲೇ ಕುಳಿತು ತಿಳಿದುಕೊಳ್ಳಬಹುದು. ಮುಂದೆ ಹೇಳುವ ಕ್ರಮ ಅದಕ್ಕಾಗಿಯೇ ಇದೆ. ಲ್ಯಾಪ್‌ಟಾಪ್ ಇರುವವರಿಗೆ ಮೊದಲೇ ಒಂದು ಮಾತು: ಇತ್ತೀಚಿನ ವರ್ಷಗಳ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಬದಲಿಸಲು ಬರುವುದಿಲ್ಲ. ಆದರೂ ಅಳತೆಯ ಮತ್ತು ಕಡಿಮೆ ಖರ್ಚಿನ ದುರಸ್ತಿಯ ಭಾಗಗಳು ಅವರಿಗೂ ಉಪಯೋಗಕ್ಕೆ ಬರುತ್ತವೆ.

ಕೆಲಸದ ಹಂಚಿಕೆ

ನಮ್ಮ ಕಡೆಯ ಖಾನಾವಳಿಯೊಂದನ್ನು ನೆನಪಿಸಿಕೊಳ್ಳಿ. ಯಾವ ಮೇಜಿಗೆ ಎಷ್ಟು ರೊಟ್ಟಿ ಬೇಕು, ಯಾರ ತಾಟಿನಲ್ಲಿ ಎಣ್ಣೆಗಾಯಿ ಮುಗಿದಿದೆ, ಹೊಸದಾಗಿ ಬಂದವರು ಎಲ್ಲಿ ಕುಳಿತರು ಎಂಬುದನ್ನೆಲ್ಲ ನೋಡಿ ಒಳಗೆ ಕೂಗಿ ಹೇಳುವವನು ಒಬ್ಬ. ಹಂಚಿನ ಮುಂದೆ ಕುಳಿತು ರೊಟ್ಟಿ ಬೇಯಿಸುವವರು ಇನ್ನೊಬ್ಬರು. ಆಟದಲ್ಲಿ ಪ್ರೊಸೆಸರ್ ಕೂಗುವವನ ಕೆಲಸ ಮಾಡುತ್ತದೆ. ಎದುರಾಳಿಗಳು ಎತ್ತ ನಡೆಯಬೇಕು, ಹಾರಿದ ಗುಂಡು ಎಲ್ಲಿ ತಗುಲಿತು, ಉರುಳಿದ ಕಲ್ಲು ಎಲ್ಲಿ ನಿಂತಿತು ಎಂಬ ಲೆಕ್ಕವನ್ನೆಲ್ಲ ಮುಗಿಸಿ, ಈ ಕ್ಷಣದ ಚಿತ್ರದಲ್ಲಿ ಯಾವ ಯಾವ ವಸ್ತುಗಳನ್ನು ಬಿಡಿಸಬೇಕೆಂಬ ಆಜ್ಞೆಯ ಪಟ್ಟಿಯನ್ನು ಕಾರ್ಡಿಗೆ ಒಪ್ಪಿಸುತ್ತದೆ. ಗ್ರಾಫಿಕ್ಸ್ ಕಾರ್ಡು ಆ ಪಟ್ಟಿಯಂತೆ ಲಕ್ಷಾಂತರ ಪಿಕ್ಸೆಲ್‌ಗಳಿಗೆ ಬಣ್ಣ, ನೆರಳು, ಬೆಳಕು ತುಂಬುತ್ತದೆ. ರೊಟ್ಟಿಯ ಅಗಲ ಹೆಚ್ಚಿದರೆ ಹಂಚಿನ ಮುಂದಿನವರಿಗೆ ಹೆಚ್ಚು ಹೊತ್ತು ಬೇಕು, ಕೂಗುವವನಿಗೆ ಏನೂ ಹೆಚ್ಚಾಗದು. ಪರದೆಯ ರೆಸಲ್ಯೂಶನ್ ಅಂದರೆ ಈ ಅಗಲ. ಮೇಜುಗಳು ಹೆಚ್ಚಿದರೆ ಮೊದಲು ಸುಸ್ತಾಗುವವನು ಕೂಗುವವನೇ. ಆಟದ ಬೀದಿಯಲ್ಲಿ ಓಡಾಡುವ ಜನ, ವಾಹನಗಳ ಸಂಖ್ಯೆ ಅಂದರೆ ಆ ಮೇಜುಗಳು.

ಇದನ್ನು ಅಂಕಿಯಲ್ಲಿ ಹಿಡಿಯುವುದೂ ಕಷ್ಟವಲ್ಲ. ಸೆಕೆಂಡಿಗೆ 60 ಚಿತ್ರಗಳು, ಅಂದರೆ 60 ಎಫ್‌ಪಿಎಸ್ ಬೇಕಾದರೆ ಒಂದೊಂದು ಚಿತ್ರಕ್ಕೂ ಸಿಗುವ ಅವಧಿ 16.7 ಮಿಲಿಸೆಕೆಂಡು, 144 ಎಫ್‌ಪಿಎಸ್ ಬೇಕಾದರೆ 6.9 ಮಿಲಿಸೆಕೆಂಡು ಮಾತ್ರ. ಒಂದು ಚಿತ್ರಕ್ಕೆ ಪ್ರೊಸೆಸರ್ 9 ಮಿಲಿಸೆಕೆಂಡು, ಕಾರ್ಡು 16 ಮಿಲಿಸೆಕೆಂಡು ತೆಗೆದುಕೊಳ್ಳುತ್ತವೆ ಎಂದಿಟ್ಟುಕೊಳ್ಳಿ. ಎರಡೂ ಏಕಕಾಲಕ್ಕೆ ದುಡಿಯುವುದರಿಂದ ವೇಗವನ್ನು ನಿರ್ಧರಿಸುವುದು ನಿಧಾನದ್ದು. ಆದ್ದರಿಂದ ಸುಮಾರು 62 ಎಫ್‌ಪಿಎಸ್ ದೊರೆಯುತ್ತದೆ. ಈಗ 9 ಅನ್ನು 6 ಮಾಡುವ ಹೊಸ ಪ್ರೊಸೆಸರ್ ತಂದರೂ ಸಿಗುವುದು ಅದೇ 62. ಕಾರ್ಡು 7 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸಿ, ಪ್ರೊಸೆಸರ್ 12 ತೆಗೆದುಕೊಳ್ಳುತ್ತಿದ್ದರೆ ಮಾತ್ರ ಕಥೆ ಬೇರೆ: 83 ಎಫ್‌ಪಿಎಸ್‌ನಲ್ಲಿ ನಿಂತಿದ್ದ ಆಟ, ಆ 12 ಅನ್ನು 8ಕ್ಕೆ ಇಳಿಸುವ ಪ್ರೊಸೆಸರ್‌ನಿಂದ 125ಕ್ಕೆ ಏರುತ್ತದೆ.

ಮೊದಲ ಹೆಜ್ಜೆ: ಅಳೆಯುವ ಮುನ್ನ ಅಡ್ಡಿಗಳನ್ನು ತೆಗೆಯುವುದು

ಮಾನಿಟರ್‌ನ ಕೇಬಲ್ ಎಲ್ಲಿಗೆ ಜೋಡಿಸಿದೆ ಎಂದು ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿ. ನಗಬೇಡಿ, ಕಾರ್ಡು ಕೊಂಡ ಮೇಲೂ ಕೇಬಲ್ಲನ್ನು ಮದರ್‌ಬೋರ್ಡಿನ ಕಿಂಡಿಗೇ ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಪ್ರೊಸೆಸರ್‌ನ ಒಳಗ್ರಾಫಿಕ್ಸ್‌ನಲ್ಲಿ ಆಡಿದವರನ್ನು ನಾನು ಬಲ್ಲೆ. ಬಳಿಕ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ನೋಡಿ. 144 ಹರ್ಟ್ಸ್‌ನ ಮಾನಿಟರ್ ತಂದು ಅದನ್ನು 60ರಲ್ಲೇ ಬಿಟ್ಟಿರುವುದು ಅಪರೂಪವೇನಲ್ಲ. ಆಟದ ಒಳಗೆ ವಿ-ಸಿಂಕ್ (ಎಫ್‌ಪಿಎಸ್ಸನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ಸೌಲಭ್ಯ) ಆಫ್ ಮಾಡಿ, ಎಫ್‌ಪಿಎಸ್‌ಗೆ ಮಿತಿ ಹಾಕಿದ್ದರೆ ತೆಗೆಯಿರಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಕಡಿಮೆ ಪಿಕ್ಸೆಲ್‌ಗಳ ಚಿತ್ರವನ್ನು ದೊಡ್ಡದು ಮಾಡಿ ತೋರಿಸುವ ತಂತ್ರಗಳು) ಇವುಗಳ ಫ್ರೇಮ್ ಜನರೇಶನ್ ಸೌಲಭ್ಯವಿದ್ದರೆ ಅದನ್ನೂ ಆಫ್ ಮಾಡಿ, ಏಕೆಂದರೆ ಅದು ನಡುನಡುವೆ ಸೇರಿಸುವ ಚಿತ್ರಗಳಲ್ಲಿ ಆಟದ ಲೆಕ್ಕಾಚಾರವಿರುವುದಿಲ್ಲ, ಹಾಗಾಗಿ ಅಳತೆ ಸುಳ್ಳಾಗುತ್ತದೆ. ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರ್, ಡೌನ್‌ಲೋಡು, ವೈರಸ್ ತಪಾಸಣೆ ಎಲ್ಲವನ್ನೂ ಮುಚ್ಚಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿಯೇ ಅಳೆಯಬೇಕು.

ಸಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶವನ್ನು ತೆರೆದು ಪ್ರೊಸೆಸರ್, ಮದರ್‌ಬೋರ್ಡ್, ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಆವೃತ್ತಿ, ರ‍್ಯಾಮ್ ಪಟ್ಟಿಗಳ ಸಂಖ್ಯೆ ಮತ್ತು ವೇಗ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಈ ಹಾಳೆ ಕಿಸೆಯಲ್ಲಿರಬೇಕು.

ಎರಡನೆಯ ಹೆಜ್ಜೆ: ಆಡುತ್ತಲೇ ಅಂಕಿ ಓದುವುದು

ಏನನ್ನೂ ಹೊಸದಾಗಿ ಹಾಕಿಕೊಳ್ಳಲು ಇಷ್ಟವಿಲ್ಲದವರು ವಿಂಡೋಸ್ ಕೀಲಿ ಮತ್ತು ಜಿ ಅಕ್ಷರವನ್ನು ಒಟ್ಟಿಗೆ ಒತ್ತಿ ಗೇಮ್ ಬಾರ್ ತೆರೆದರೆ ಪ್ರೊಸೆಸರ್, ಕಾರ್ಡು, ರ‍್ಯಾಮ್‌ಗಳ ಬಳಕೆ ಮತ್ತು ಎಫ್‌ಪಿಎಸ್ ಕಾಣುತ್ತವೆ. ನಾನು ಬಳಸುವುದು ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೆ ಬರುವ ರಿವಾಟ್ಯೂನರ್. ಕಾರ್ಡು ಯಾವ ಕಂಪನಿಯದಾದರೂ ಇದು ನಡೆಯುತ್ತದೆ, ಒಂದೊಂದು ಥ್ರೆಡ್‌ನ (ಪ್ರೊಸೆಸರ್ ಏಕಕಾಲಕ್ಕೆ ನಡೆಸುವ ಕೆಲಸದ ಸಾಲುಗಳಲ್ಲಿ ಒಂದರ) ಬಳಕೆಯನ್ನೂ ಬೇರೆ ಬೇರೆಯಾಗಿ ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ.

ನೀವು ದಿನವೂ ಆಡುವ ಆಟದಲ್ಲೇ ಅಳೆಯಬೇಕು; ಬೇರೊಬ್ಬರ ವೀಡಿಯೊದಲ್ಲಿನ ಅಂಕಿ ಅವರ ಕಂಪ್ಯೂಟರಿನದು. ಜಿಟಿಎ 5, ಸೈಬರ್‌ಪಂಕ್ 2077ರಂತಹ ಆಟಗಳ ಒಳಗೇ ಬೆಂಚ್‌ಮಾರ್ಕ್ ಇರುವುದರಿಂದ ಪ್ರತಿಸಲವೂ ಅದೇ ದೃಶ್ಯ ಓಡುತ್ತದೆ. ಅಂತಹ ಸೌಲಭ್ಯವಿಲ್ಲದ ಆಟದಲ್ಲಿ ಒಂದೇ ಜಾಗದಿಂದ ಒಂದೇ ದಾರಿಯಲ್ಲಿ ಎರಡು ನಿಮಿಷ ನಡೆದು, ಮೂರು ಸಲ ಅದನ್ನೇ ಮಾಡಿ. ಪ್ರತಿಸಲವೂ ಸರಾಸರಿ ಎಫ್‌ಪಿಎಸ್, ಶೇ 1 ಕನಿಷ್ಠ ಎಫ್‌ಪಿಎಸ್, ಕಾರ್ಡಿನ ಬಳಕೆ, ಥ್ರೆಡ್‌ಗಳ ಬಳಕೆ, ರ‍್ಯಾಮ್ ಮತ್ತು ವೀಡಿಯೊ ಮೆಮೊರಿ ಎಷ್ಟು ತುಂಬಿದವು, ಪ್ರೊಸೆಸರ್‌ನ ಉಷ್ಣತೆ ಮತ್ತು ಗಡಿಯಾರ ವೇಗ ಎಷ್ಟಿತ್ತು ಎಂದು ಬರೆದುಕೊಳ್ಳಿ. ಶೇ 1 ಕನಿಷ್ಠ ಎಂದರೆ ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಚಿತ್ರಗಳ ಲೆಕ್ಕ. ಸರಾಸರಿ 70 ಇದ್ದೂ ಇದು 25 ಇದ್ದರೆ ಆಟ ಕೈಗೆ ತಡವರಿಸಿದಂತೆಯೇ ಅನಿಸುತ್ತದೆ. ಪ್ರೊಸೆಸರ್ ದುರ್ಬಲವಾಗಿದ್ದಾಗ ಮೊದಲು ಕುಸಿಯುವುದು ಸಾಮಾನ್ಯವಾಗಿ ಈ ಅಂಕಿಯೇ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಜಾಗವಿದೆ. “ಪ್ರೊಸೆಸರ್ ಬಳಕೆ ಶೇ 40 ಮಾತ್ರ ಇದೆ, ಹಾಗಾದರೆ ತೊಂದರೆ ಪ್ರೊಸೆಸರ್‌ನದಲ್ಲ” ಎಂಬ ತೀರ್ಮಾನ ತಪ್ಪಾಗಿರಬಹುದು. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎಲ್ಲ ಥ್ರೆಡ್‌ಗಳ ಒಟ್ಟು ಸರಾಸರಿ. ಎಂಟು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕಕ್ಕೆ ಅದು ಶೇ 12.5 ಮಾತ್ರ, ಹನ್ನೆರಡರಲ್ಲಿ ಶೇ 8.3. ಅನೇಕ ಆಟಗಳಲ್ಲಿ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೇ ಬೀಳುತ್ತದೆ. ಅದು ಮುಗಿಯುವವರೆಗೆ ಉಳಿದವು ಸುಮ್ಮನೆ ಕೂರುತ್ತವೆ. ಅಷ್ಟೇ ಅಲ್ಲ, ವಿಂಡೋಸ್ ಆ ಕೆಲಸವನ್ನು ಒಂದು ಕೋರ್‌ನಿಂದ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ಇನ್ನೊಂದಕ್ಕೆ ಸಾಗಿಸುತ್ತಿರುವುದರಿಂದ ಯಾವ ಗ್ರಾಫೂ ಪೂರ್ತಿ 100 ತೋರಿಸದೆ ಇರಬಹುದು. ಆದ್ದರಿಂದ ಪ್ರೊಸೆಸರ್‌ನ ಬಳಕೆಗಿಂತ ಕಾರ್ಡಿನ ಬಳಕೆಯನ್ನು ನಂಬಿ. ಕಾರ್ಡು ಶೇ 95ರಿಂದ 99ರ ನಡುವೆ ನಿಂತಿದ್ದರೆ ಅದು ಬಿಡುವಿಲ್ಲದೆ ದುಡಿಯುತ್ತಿದೆ, ಹೊಸ ಪ್ರೊಸೆಸರ್‌ನಿಂದ ಹೇಳಿಕೊಳ್ಳುವಂಥದ್ದು ಏನೂ ಆಗದು. ಮಿತಿಯೇನೂ ಹಾಕದಿದ್ದಾಗಲೂ ಕಾರ್ಡು ಶೇ 60ರ ಆಸುಪಾಸು ಅಲೆಯುತ್ತಿದ್ದರೆ ಅದು ಯಾರಿಗೋ ಕಾಯುತ್ತಿದೆ.

ಮೂರನೆಯ ಹೆಜ್ಜೆ: ರೆಸಲ್ಯೂಶನ್ ಇಳಿಸಿ ನೋಡುವುದು

ಇಡೀ ಕ್ರಮದಲ್ಲಿ ನನಗೆ ಅತ್ಯಂತ ಮೆಚ್ಚಿನ ಪರೀಕ್ಷೆ ಇದು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ, 1280×720ರಲ್ಲಿ 9.2 ಲಕ್ಷ. ಆಟದ ಉಳಿದ ಯಾವ ಸೆಟ್ಟಿಂಗನ್ನೂ ಮುಟ್ಟದೆ ರೆಸಲ್ಯೂಶನ್ ಒಂದನ್ನೇ 1080ರಿಂದ 720ಕ್ಕೆ ಇಳಿಸಿ, ಅದೇ ದೃಶ್ಯವನ್ನು ಮತ್ತೆ ಓಡಿಸಿ. ಕಾರ್ಡಿನ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು, ಪ್ರೊಸೆಸರ್‌ನ ಹೊರೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಎಫ್‌ಪಿಎಸ್ ಜಿಗಿದು ಮೇಲೇರಿದರೆ ಇದುವರೆಗೆ ತಡೆದಿದ್ದದ್ದು ಕಾರ್ಡು. 58 ಇದ್ದದ್ದು 60ಕ್ಕೆ ಬಂದು ನಿಂತರೆ ತಡೆಯುತ್ತಿರುವುದು ಪ್ರೊಸೆಸರ್ ಅಥವಾ ಅದರ ಬೆನ್ನಿಗಿರುವ ರ‍್ಯಾಮ್. 720 ಆಯ್ಕೆಯೇ ಇಲ್ಲದ ಆಟದಲ್ಲಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್‌ನ ಪರ್ಫಾರ್ಮೆನ್ಸ್ ಹಂತವನ್ನು ಆರಿಸಿದರೂ ಆದೀತು, ಏಕೆಂದರೆ ಅಲ್ಲಿಯೂ ಆಟ ಒಳಗೆ ಕಡಿಮೆ ಪಿಕ್ಸೆಲ್‌ಗಳಲ್ಲೇ ತಯಾರಾಗುತ್ತದೆ.

ಈ ಪರೀಕ್ಷೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಕಾರ್ಡು ಪೂರ್ತಿ ದುಡಿಯದೆ ಎಫ್‌ಪಿಎಸ್ ಎಲ್ಲಿ ನಿಂತಿತೋ ಅದೇ ಆ ಆಟದಲ್ಲಿ ನಿಮ್ಮ ಪ್ರೊಸೆಸರ್‌ನ ಮೇಲ್ಮಿತಿ. ಅದು 75 ಎಂದಾದರೆ, ನಾಳೆ ಸಾಲ ಮಾಡಿ ಆರ್‌ಟಿಎಕ್ಸ್ 4060 ತಂದು ಕೂರಿಸಿದರೂ ಅದೇ ಸೆಟ್ಟಿಂಗ್‌ನಲ್ಲಿ 75ರ ಆಚೆಗೆ ಹೋಗುವುದು ಕಷ್ಟ. ನಿಮ್ಮ ಮಾನಿಟರ್ 60 ಅಥವಾ 75 ಹರ್ಟ್ಸ್‌ನದಾಗಿದ್ದರೆ ಅಷ್ಟು ಸಾಕು, ಪ್ರೊಸೆಸರ್‌ನ ವಿಚಾರ ಮರೆತು ಕಾರ್ಡಿಗೆ ದುಡ್ಡು ಕೂಡಿಸಬಹುದು. 144 ಹರ್ಟ್ಸ್‌ನದಾದರೆ ಪ್ರೊಸೆಸರ್‌ನ ಯೋಚನೆ ಇಂದೇ ಆರಂಭವಾಗಬೇಕು.

ಫಲಿತಾಂಶ ಆಟದಿಂದ ಆಟಕ್ಕೆ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಮುಂತಾದ ಸ್ಪರ್ಧೆಯ ಆಟಗಳಲ್ಲಿ ಚಿತ್ರಗಳು ಹಗುರ, ಆಡುವವರು ಬಯಸುವ ಎಫ್‌ಪಿಎಸ್ ನೂರೈವತ್ತು-ಇನ್ನೂರರ ಆಚೆ. ಅಲ್ಲಿ ಪ್ರೊಸೆಸರ್‌ನದೇ ಮೇಲುಗೈ. ಸಿಟೀಸ್: ಸ್ಕೈಲೈನ್ಸ್‌ನಂತಹ ನಗರ ಕಟ್ಟುವ ಆಟದಲ್ಲಿ ಜನಸಂಖ್ಯೆ ಏರಿದಂತೆಲ್ಲ ಪ್ರೊಸೆಸರ್ ಏದುಸಿರು ಬಿಡುತ್ತದೆ. ಸೈಬರ್‌ಪಂಕ್ 2077 ಸಾಮಾನ್ಯವಾಗಿ ಕಾರ್ಡನ್ನು ಹಿಂಡುವ ಆಟ, ಆದರೂ ಜನಜಂಗುಳಿಯ ಬೀದಿಯಲ್ಲಿ ರೇ ಟ್ರೇಸಿಂಗ್ (ಬೆಳಕಿನ ನಿಜವಾದ ನಡೆಯನ್ನು ಲೆಕ್ಕಹಾಕುವ ಸೌಲಭ್ಯ) ಹಾಕಿಕೊಂಡು ಓಡಿದರೆ ಎರಡನ್ನೂ ಹಿಂಡುತ್ತದೆ. 1440 ಮತ್ತು 4ಕೆ ಪರದೆಗಳಲ್ಲಿ ಪಿಕ್ಸೆಲ್‌ಗಳ ಸಂಖ್ಯೆ 36.9 ಲಕ್ಷ ಮತ್ತು 82.9 ಲಕ್ಷಕ್ಕೆ ಏರುವುದರಿಂದ ಹೊರೆಯೆಲ್ಲ ಕಾರ್ಡಿನ ಕಡೆಗೆ ವಾಲುತ್ತದೆ. ಅಂಥವರು ಪ್ರೊಸೆಸರ್‌ಗೆ ಹಣ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು.

ನಾಲ್ಕನೆಯ ಹೆಜ್ಜೆ: ಕಡಿಮೆ ಖರ್ಚಿನ ದುರಸ್ತಿಗಳು

ಪ್ರೊಸೆಸರ್ ಕಡೆಗೆ ಬೆರಳು ತೋರಿದರೂ ಅದನ್ನೇ ಬದಲಿಸಬೇಕೆಂದಿಲ್ಲ. ನನ್ನ ಸೋದರಳಿಯನ ಕಂಪ್ಯೂಟರ್‌ನಲ್ಲಿ ಸೈಬರ್‌ಪಂಕ್ ಓಡಿಸಿದಾಗ ಕಾರ್ಡು ಶೇ 98ಕ್ಕೆ ಅಂಟಿಕೊಂಡಿತ್ತು, ಅಲ್ಲಿಗೆ ಐ5ರ ಮಾತು ಮುಗಿಯಿತು. ಜಿಟಿಎ 5ರಲ್ಲಿ ಮಾತ್ರ ಕಾರ್ಡಿನ ಬಳಕೆ ಏರಿಳಿಯುತ್ತಿತ್ತು, ಶೇ 1 ಕನಿಷ್ಠ ಪಾತಾಳಕ್ಕಿಳಿದಿತ್ತು, ಮತ್ತು 8 ಜಿಬಿ ರ‍್ಯಾಮ್ ಹೆಚ್ಚುಕಡಿಮೆ ತುಂಬಿ ತುಳುಕುತ್ತಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ತಳ್ಳುತ್ತದೆ. ಆಟ ಗಕ್ಕನೆ ನಿಂತು ಮುಂದೆ ಸಾಗುವುದು ಆ ಕ್ಷಣಗಳಲ್ಲೇ. ಅಲ್ಲದೆ ಒಂದೇ ಪಟ್ಟಿ ಇದ್ದರೆ ಮೆಮೊರಿಯ ಒಂದೇ ಹಾದಿ ತೆರೆದಿರುತ್ತದೆ. 2666 ವೇಗದ ಡಿಡಿಆರ್4 ಪಟ್ಟಿಯೊಂದು ಸೆಕೆಂಡಿಗೆ ಹೆಚ್ಚೆಂದರೆ 21.3 ಜಿಬಿ ಮಾಹಿತಿ ಸಾಗಿಸುತ್ತದೆ. ಅಂಥದೇ ಎರಡನೆಯ ಪಟ್ಟಿಯನ್ನು ಸರಿಯಾದ ಕಿಂಡಿಯಲ್ಲಿ ಕೂರಿಸಿದರೆ ಈ ಸಾಮರ್ಥ್ಯ ಇಮ್ಮಡಿಯಾಗುತ್ತದೆ. ನಾಲ್ಕು ಕಿಂಡಿಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗಳಲ್ಲಿ ಹಾಕಬೇಕು. ಹುಡುಗ ಇನ್ನೊಂದು 8 ಜಿಬಿ ಪಟ್ಟಿ ತಂದು ಹಾಕಿದ, ಜಿಟಿಎಯ ತಡವರಿಕೆ ಬಹುಮಟ್ಟಿಗೆ ಹೋಯಿತು. ಪ್ರತ್ಯೇಕ ಕಾರ್ಡಿಲ್ಲದೆ ಪ್ರೊಸೆಸರ್‌ನ ಒಳಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಎರಡನೆಯ ಪಟ್ಟಿ ಇನ್ನೂ ಹೆಚ್ಚಿನ ಫಲ ಕೊಡುತ್ತದೆ, ಏಕೆಂದರೆ ಅಲ್ಲಿ ಗ್ರಾಫಿಕ್ಸ್‌ಗೂ ಅದೇ ರ‍್ಯಾಮ್ ಆಸರೆ.

ರ‍್ಯಾಮ್ ಪೆಟ್ಟಿಗೆಯ ಮೇಲೆ 3200 ಎಂದಿದ್ದರೂ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಅದು ಕಡಿಮೆ ವೇಗದಲ್ಲೇ ಓಡುತ್ತಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಈ ವೇಗ ಕಾಣುತ್ತದೆ. ಎಲ್ಲ ಬೋರ್ಡುಗಳೂ ಇದಕ್ಕೆ ಒಪ್ಪುವುದಿಲ್ಲ. ಇಂಟೆಲ್‌ನ ಎಚ್410 ಬೋರ್ಡಿನಲ್ಲಿ ಹತ್ತನೆಯ ಪೀಳಿಗೆಯ ಐ3, ಐ5ಗಳಿಗೆ 2666ರ ಮೇಲೆ ಏರಲು ಅವಕಾಶವಿಲ್ಲ.

ಇನ್ನು ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳುವ ಅಗತ್ಯವಿಲ್ಲ. ಕೂಲರ್‌ನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕಂಬಳಿಯಂತೆ ಧೂಳು ಕೂತಿರುತ್ತದೆ, ಏಪ್ರಿಲ್ ಮಧ್ಯಾಹ್ನ ಹೊರಗೆ 37-38 ಡಿಗ್ರಿ ಇರುತ್ತದೆ, ಪ್ರೊಸೆಸರ್ ತನ್ನ ಮಿತಿ ತಲುಪಿದೊಡನೆ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಈ ಮಿತಿ ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 100 ಡಿಗ್ರಿ, ಎಎಂಡಿ ಕಂಪನಿಯ ರೈಜನ್‌ನ ಹೆಚ್ಚಿನವುಗಳಲ್ಲಿ 90-95 ಡಿಗ್ರಿ. ಎರಡನೆಯ ಹೆಜ್ಜೆಯಲ್ಲಿ ಉಷ್ಣತೆ, ಗಡಿಯಾರ ವೇಗ ಬರೆದುಕೊಳ್ಳಿ ಎಂದದ್ದು ಇದಕ್ಕೇ: ಆಟ ಆರಂಭಿಸಿ ಹತ್ತು ನಿಮಿಷದ ಮೇಲೆ ಉಷ್ಣತೆ ಮಿತಿ ಮುಟ್ಟಿ ವೇಗ ಬಿದ್ದರೆ, ಬೇಕಾದದ್ದು ಹೊಸ ಪ್ರೊಸೆಸರ್ ಅಲ್ಲ, ಒಂದು ಬ್ರಶ್ಶು ಮತ್ತು ಒಂದು ಟ್ಯೂಬು ಥರ್ಮಲ್ ಪೇಸ್ಟು. ಫ್ಯಾನಿಗೆ ಗಾಳಿ ಊದುವಾಗ ಅದು ಸುತ್ತದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಶ್ರಾವಣದ ಮಳೆಯಲ್ಲಿ ಧಾರವಾಡದಲ್ಲಿ ಅಳೆದು ಸರಿಯಿದೆ ಎಂದುಕೊಂಡ ಕಂಪ್ಯೂಟರನ್ನು ಬೇಸಿಗೆಯಲ್ಲಿ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ಆಟದ ಒಳಗೆ ಪ್ರೊಸೆಸರ್‌ನ ಹೊರೆ ಇಳಿಸುವ ಸೆಟ್ಟಿಂಗ್‌ಗಳೂ ಇವೆ: ಜನಸಂದಣಿಯ ಪ್ರಮಾಣ, ದೂರದ ದೃಶ್ಯದ ವ್ಯಾಪ್ತಿ, ರೇ ಟ್ರೇಸಿಂಗ್, ಒಂದಷ್ಟು ಮಟ್ಟಿಗೆ ನೆರಳು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಇಳಿಸಿದರೆ ಪ್ರೊಸೆಸರ್‌ಗೆ ಲಾಭವಿಲ್ಲ. ಅದು ವೀಡಿಯೊ ಮೆಮೊರಿಗೆ ಸಂಬಂಧಿಸಿದ್ದು. ಜಿಟಿಎಕ್ಸ್ 1650ರ 4 ಜಿಬಿ ತುಂಬಿ ಹೋಗುತ್ತಿದ್ದರೆ ಮಾತ್ರ ಟೆಕ್ಸ್ಚರ್ ಇಳಿಸಿ. ಆಟವನ್ನು ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದರೆ ಎಸ್‌ಎಸ್‌ಡಿಗೆ ಸ್ಥಳಾಂತರಿಸಿ.

ಐದನೆಯ ಹೆಜ್ಜೆ: ಯಾವ ಪ್ರೊಸೆಸರ್ ಕೂರುತ್ತದೆ?

ಇಷ್ಟೆಲ್ಲ ಆದ ಮೇಲೂ ಅಳತೆ ಪ್ರೊಸೆಸರ್‌ನತ್ತಲೇ ತೋರಿಸಿದರೆ ಮೊದಲು ನೋಡಬೇಕಾದದ್ದು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಬೋರ್ಡು, ರ‍್ಯಾಮ್ ಇದ್ದಂತೆಯೇ ಪ್ರೊಸೆಸರ್ ಒಂದನ್ನೇ ಬದಲಿಸಲು ಬರುತ್ತದೆಯೋ, ಮೂರನ್ನೂ ಕೊಳ್ಳಬೇಕೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಈ ವಿಷಯದಲ್ಲಿ ಅದೃಷ್ಟವಂತರು ಎಎಂಡಿಯ ಎಎಂ4 ಸಾಕೆಟ್ ಇರುವವರು. 2018ರ ರೈಜನ್ 5 2600 ಹಾಕಿದ ಬಿ450 ಬೋರ್ಡಿಗೆ ಬಯೋಸ್ ಹೊಸದು ಮಾಡಿದರೆ ರೈಜನ್ 5 5600 ಕೂರುತ್ತದೆ, 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂಡ ಕೂರುತ್ತದೆ. ಕೋರ್‌ಗಳ ಸಂಖ್ಯೆ 2600ರಲ್ಲೂ ಆರು, 5600ರಲ್ಲೂ ಆರು. ಆದರೂ ಆಟದಲ್ಲಿ ಎರಡರ ನಡುವಿನ ಅಂತರ ದೊಡ್ಡದು, ಏಕೆಂದರೆ ಒಂದೊಂದು ಕೋರ್‌ನ ಕೆಲಸದ ವೇಗ ಹೆಚ್ಚಿದೆ ಮತ್ತು 32 ಎಂಬಿ ಎಲ್3 ಕ್ಯಾಶ್ ಆರೂ ಕೋರ್‌ಗಳಿಗೆ ಒಟ್ಟಾಗಿ ಸಿಗುತ್ತದೆ. ಕ್ಯಾಶ್ ಎಂದರೆ ಪ್ರೊಸೆಸರ್ ತನ್ನ ಮಡಿಲಲ್ಲೇ ಇಟ್ಟುಕೊಂಡ ಮೆಮೊರಿ. ರ‍್ಯಾಮ್‌ವರೆಗೆ ಹೋಗಿ ಬರುವ ಹೊತ್ತು ಉಳಿಯುವುದರಿಂದ ಆಟಗಳಿಗೆ ಇದು ಬಹಳ ಇಷ್ಟ. 5800ಎಕ್ಸ್3ಡಿಯಲ್ಲಿ ಇದು 96 ಎಂಬಿ, ಎಎಂ5 ಸಾಕೆಟ್‌ನ 7800ಎಕ್ಸ್3ಡಿಯಲ್ಲೂ ಅಷ್ಟೇ. ಕೋರ್ ಎಷ್ಟು ಎಂದು ಮಾತ್ರ ಕೇಳಿ ಕೊಳ್ಳುವವರು ಇದನ್ನು ಗಮನಿಸುವುದಿಲ್ಲ. 5600ಜಿ ಎಂಬ ಹೆಸರು ನೋಡಿ 5600ಕ್ಕಿಂತ ಮೇಲಿನದು ಎಂದುಕೊಂಡು ಕೊಂಡವರುಂಟು. ಅದರಲ್ಲಿ ಒಳಗ್ರಾಫಿಕ್ಸ್ ಇದೆ ನಿಜ, ಆದರೆ ಎಲ್3 ಕ್ಯಾಶ್ 16 ಎಂಬಿ ಮಾತ್ರ. ಬೇರೆ ಕಾರ್ಡು ಇರುವವರಿಗೆ ಅದು ಸರಿಯಾದ ಆಯ್ಕೆಯಲ್ಲ.

ಇಂಟೆಲ್‌ನಲ್ಲಿ ಸಾಕೆಟ್‌ಗಳ ಆಯುಷ್ಯ ಕಡಿಮೆ. ಹತ್ತು ಮತ್ತು ಹನ್ನೊಂದನೆಯ ಪೀಳಿಗೆಗೆ ಎಲ್‌ಜಿಎ1200, ಹನ್ನೆರಡರಿಂದ ಹದಿನಾಲ್ಕಕ್ಕೆ ಎಲ್‌ಜಿಎ1700, 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ1851. ಸಾಕೆಟ್ ಒಂದೇ ಆದರೂ ಸಾಲದು. ಆರು-ಏಳನೆಯ ಪೀಳಿಗೆಯ ಬೋರ್ಡಿನ ಎಲ್‌ಜಿಎ1151ರಲ್ಲಿ ಎಂಟು-ಒಂಬತ್ತನೆಯ ಪೀಳಿಗೆಯ ಪ್ರೊಸೆಸರ್ ಆಕಾರದಲ್ಲಿ ಕೂತರೂ ಚಾಲೂ ಆಗುವುದಿಲ್ಲ. ಎಚ್410 ಬೋರ್ಡು, ಕೆಲವು ತಿದ್ದಿದ ಮಾದರಿಗಳನ್ನು ಬಿಟ್ಟರೆ, ಹನ್ನೊಂದನೆಯ ಪೀಳಿಗೆಯನ್ನು ಒಪ್ಪುವುದಿಲ್ಲ. ಬೋರ್ಡು ತಯಾರಿಸಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಬೋರ್ಡಿನ ಹೆಸರು ಹಾಕಿ, ಹೊಂದುವ ಪ್ರೊಸೆಸರ್‌ಗಳ ಪಟ್ಟಿ ಮತ್ತು ಒಂದೊಂದಕ್ಕೂ ಬೇಕಾದ ಬಯೋಸ್ ಆವೃತ್ತಿಯನ್ನು ನೋಡಿಯೇ ಮುಂದುವರಿಯಬೇಕು. ಹದಿಮೂರು-ಹದಿನಾಲ್ಕನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರ್ ತರುವವರು ಬೋರ್ಡಿನ ಬಯೋಸ್ 2024ರ ಆಗಸ್ಟ್ ನಂತರದ್ದಾಗಿರುವಂತೆ ನೋಡಿಕೊಳ್ಳಿ. ಅವುಗಳಲ್ಲಿ ಕಾಣಿಸಿಕೊಂಡಿದ್ದ ವೋಲ್ಟೇಜ್ ದೋಷಕ್ಕೆ ಇಂಟೆಲ್ ಆಗ ತಿದ್ದುಪಡಿ ಬಿಡುಗಡೆ ಮಾಡಿತು.

ಐ5-4460ರಂತಹ ನಾಲ್ಕು ಕೋರ್, ನಾಲ್ಕು ಥ್ರೆಡ್‌ಗಳ ಹಳೆಯ ಕಂಪ್ಯೂಟರ್‌ಗಳು ನಮ್ಮ ಕಡೆ ಇನ್ನೂ ಬಹಳಿವೆ. ಅಂಥವರಿಗೆ ಸೆಕೆಂಡ್‌ಹ್ಯಾಂಡ್ ಐ7-4790 ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಎಂಟು ಥ್ರೆಡ್ ಸಿಗುವುದರಿಂದ ತಡವರಿಕೆ ತುಸು ಕಡಿಮೆಯಾಗಬಹುದು, ಬೆಲೆ ತೀರಾ ಕಡಿಮೆಯಿದ್ದರೆ ಮಾತ್ರ ಅದು ಸರಿ. ನನ್ನ ಅಭಿಪ್ರಾಯ ಕೇಳಿದರೆ, ಆ ಬೋರ್ಡಿನ ಮೇಲೆ ಇನ್ನು ದುಡ್ಡು ಸುರಿಯಬಾರದು: ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆಯಾದರೂ ಬೇಕು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ5-12400ಎಫ್‌ನಂತಹ ಪ್ರೊಸೆಸರ್, ಅದಕ್ಕೆ ಹೊಂದುವ ಬೋರ್ಡು, 16 ಜಿಬಿ ರ‍್ಯಾಮ್ ಮೂರನ್ನೂ ಒಟ್ಟಿಗೆ ಕೊಳ್ಳುವಷ್ಟು ಹಣ ಕೂಡುವವರೆಗೆ ಕಾಯುವುದು ಜಾಣತನ. ಹೆಸರಿನ ಕೊನೆಯ ಎಫ್ ಎಂದರೆ ಒಳಗ್ರಾಫಿಕ್ಸ್ ಇಲ್ಲ ಎಂದರ್ಥ. ಕಾರ್ಡು ಕೆಟ್ಟ ದಿನ ಪರದೆ ಕಪ್ಪಗಿರುತ್ತದೆ.

ಖರೀದಿಯ ಮಾತು ಬೇಗ ಮುಗಿಸುತ್ತೇನೆ. ಕೊಪ್ಪಿಕರ ರಸ್ತೆಯಲ್ಲಿ ಕೇಳಿದ ಬೆಲೆಗೂ ಬೆಂಗಳೂರಿನ ಎಸ್‌ಪಿ ರಸ್ತೆಯ ಬೆಲೆಗೂ ವ್ಯತ್ಯಾಸ ಇರಬಹುದು. ಕೆಟ್ಟರೆ ಹಿಡಿದುಕೊಂಡು ಹೋಗಲು ಹತ್ತಿರದ ಅಂಗಡಿಯೇ ಅನುಕೂಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗೆ ಕಂಪನಿಯ ಮೂರು ವರ್ಷಗಳ ವಾರಂಟಿ ಇರುತ್ತದೆ, ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರ್‌ಗೆ ಮಾರಿದವರೇ ಹೊಣೆ. ಸೆಕೆಂಡ್‌ಹ್ಯಾಂಡ್ ಎಎಂ4 ಪ್ರೊಸೆಸರ್ ಕೊಳ್ಳುವಾಗ ಅಡಿಯ ಪಿನ್ನುಗಳು ಬಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಿ.

ಆರನೆಯ ಹೆಜ್ಜೆ: ಕೂರಿಸುವುದು

ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿ ಇರುವಾಗಲೇ ಬಯೋಸ್ ಹೊಸದು ಮಾಡಿ. ಈ ಕೆಲಸದ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು, ಆದ್ದರಿಂದ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ಗುಡುಗು-ಸಿಡಿಲಿನ ಸಂಜೆಯಂತೂ ಬೇಡವೇ ಬೇಡ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಬೀಗ) ಹಾಕಿದ್ದರೆ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀಯನ್ನು ಬೇರೆ ಕಡೆ ಬರೆದಿಡಿ. ಪ್ರೊಸೆಸರ್ ಬದಲಾದಾಗ ಟಿಪಿಎಂ (ಭದ್ರತೆಯ ಕೀಲಿಗಳನ್ನು ಕಾಯ್ದಿಡುವ ಭಾಗ) ಇದರ ಕೀಲಿಗಳೂ ಹೋಗಬಹುದಾದ್ದರಿಂದ, ಕೀ ಇಲ್ಲದವರಿಗೆ ತಮ್ಮ ಡಿಸ್ಕಿನ ಬಾಗಿಲೇ ತೆರೆಯದ ಪರಿಸ್ಥಿತಿ ಬರಬಹುದು.

ಎಎಂ4ರಲ್ಲಿ ಕೂಲರ್ ತೆಗೆಯುವ ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ವೈರು ಕಿತ್ತು, ಕೂಲರನ್ನು ಎಡಕ್ಕೆ-ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿ. ಒಣಗಿದ ಪೇಸ್ಟು ಅಂಟಿಕೊಂಡಿದ್ದು ನೇರವಾಗಿ ಮೇಲೆತ್ತಿದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಕ್ಯಾಬಿನೆಟ್‌ನ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಬಿಡಿ. ಹೊಸ ಪ್ರೊಸೆಸರ್‌ನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಒತ್ತದೆ ಇಳಿಸಿ. ಸರಿಯಾಗಿದ್ದರೆ ತಾನೇ ಕೂರುತ್ತದೆ. ಬಟಾಣಿ ಕಾಳಿನಷ್ಟು ಪೇಸ್ಟು ನಡುವೆ ಇಟ್ಟು, ಕೂಲರ್‌ನ ಸ್ಕ್ರೂಗಳನ್ನು ಒಂದು ಮೂಲೆಯಾದ ಮೇಲೆ ಅದರ ಎದುರು ಮೂಲೆ ಎಂಬಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿಗೇ ಸಿಕ್ಕಿಸಿ.

ಮೊದಲ ಸಲ ಚಾಲೂ ಮಾಡಿದಾಗ ಪರದೆ ಬರಲು ಒಂದೆರಡು ನಿಮಿಷ ಬೇಕಾಗಬಹುದು, ಗಾಬರಿಯಾಗಬೇಡಿ. ಎಎಂ5 ಬೋರ್ಡುಗಳು ಡಿಡಿಆರ್5 ರ‍್ಯಾಮ್ ಪರೀಕ್ಷಿಸಿಕೊಳ್ಳಲು ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಬಯೋಸ್ ಹೊಸದಾದಾಗ ಹಳೆಯ ಸೆಟ್ಟಿಂಗ್‌ಗಳು ಅಳಿಸಿ ಹೋಗಿರುವುದರಿಂದ ಎಕ್ಸ್‌ಎಂಪಿಯನ್ನು ಮತ್ತೆ ಚಾಲೂ ಮಾಡಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇವೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ಆಟವೇ ತೆರೆಯುವುದಿಲ್ಲ.

ಆಮೇಲೆ ಹಳೆಯ ಹಾಳೆಯನ್ನು ಮುಂದಿಟ್ಟುಕೊಂಡು, ಅದೇ ಆಟ, ಅದೇ ದೃಶ್ಯ, ಅದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಅಳೆದು ಪಕ್ಕದ ಸಾಲಿನಲ್ಲಿ ಬರೆಯಿರಿ. ಕಾರ್ಡಿನ ಬಳಕೆ ಈಗ ಶೇ 95ರ ಮೇಲೆ ನಿಂತಿದ್ದರೆ ಪ್ರೊಸೆಸರ್ ತನ್ನ ಕೆಲಸ ಮಾಡಿದೆ. ಇನ್ನೂ ಶೇ 60ರಲ್ಲೇ ಇದ್ದರೆ ರ‍್ಯಾಮ್‌ನ ವೇಗ, ಉಷ್ಣತೆ, ಆಟದೊಳಗಿನ ಎಫ್‌ಪಿಎಸ್ ಮಿತಿ ಇವನ್ನು ಇದೇ ಕ್ರಮದಲ್ಲಿ ಮತ್ತೆ ನೋಡಿ. ಈ ಎರಡನೆಯ ಅಳತೆ ಮುಗಿದು ಒಂದು ವಾರ ಕಳೆಯುವವರೆಗೆ ಹಳೆಯ ಪ್ರೊಸೆಸರನ್ನು ಹೊಸದರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಡಿ. ಯಾರು ಎಷ್ಟೇ ಅವಸರ ಮಾಡಿ ಕೇಳಿದರೂ ಅಷ್ಟರೊಳಗೆ ಮಾರಬೇಡಿ.